ಆನ್‌ಲೈನ್ ಟೆಸ್ಟ್ ಪಾಸ್ ಆದ್ರೆ ಬೋಟ್ ಓಡಿಸೋಕೆ ಬಂತು ಅಂತಾನಾ? ನೀರಿನ ಮೇಲಿನ ಪರೀಕ್ಷೆ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಿ

ನೀರ್ದಾರಿ

ಬಹಳ ದಿನದಿಂದ ಈ ವಿಷಯ ಎತ್ಬೇಕು ಅಂತಿದ್ದೆ. ನಾನು ಸಣ್ಣ ಮೋಟಾರ್ ಬೋಟ್ ಓಡಿಸೋದನ್ನ ಹೇಳ್ಕೊಡೋನು. ಕಲಿಯೋಕೆ ಬರೋರಲ್ಲಿ ಎಷ್ಟೋ ಜನರ ಕೈಯಲ್ಲಿ ಆಗ್ಲೇ ಒಂದು ಕಾರ್ಡ್ ಇರತ್ತೆ, ಕಂಪ್ಯೂಟರ್ ಮುಂದೆ ಕೂತು ಪಾಠ ಓದಿ, ಸರಿ ಉತ್ತರಕ್ಕೆ ಟಿಕ್ ಹಾಕಿ ತಗೊಂಡಿರೋದು. ಎದುರಿಂದ ಬೋಟ್ ಬಂದ್ರೆ ಏನ್ಮಾಡ್ತೀರಿ ಅಂದ್ರೆ ಇಬ್ರೂ ಬಲಕ್ಕೆ ತಿರುಗಿಸ್ಬೇಕು ಅಂತ ಥಟ್ ಅಂತ ಹೇಳ್ತಾರೆ. ಅಡ್ಡ ಬರೋ ಬೋಟ್ ನಮ್ಮ ಬಲಗಡೆ ಇದ್ರೆ ನಾವೇ ದಾರಿ ಬಿಡ್ಬೇಕು ಅನ್ನೋದೂ ಗೊತ್ತು. 1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳನ್ನ ನಂಬರ್ ಸಮೇತ ಬಾಯಿಪಾಠ ಮಾಡ್ಕೊಂಡು ಬಂದೋರೂ ಇದಾರೆ. ಸರಿ, ಈಗ ಆ ಜೆಟ್ಟಿ ಪಕ್ಕಕ್ಕೆ ತಂದು ನಿಲ್ಲಿಸಿ ಅಂದ ತಕ್ಷಣ ಕಥೆ ಬೇರೆ ಆಗತ್ತೆ.

ಯಾಕಂದ್ರೆ ಬೋಟಿಗೆ ಬ್ರೇಕ್ ಇಲ್ಲ. ನಿಲ್ಲಿಸ್ಬೇಕು ಅಂದ್ರೆ ರಿವರ್ಸ್ ಗೇರ್ ಹಾಕ್ಬೇಕು, ಅದೂ ಕೂಡ್ಲೇ ನಿಲ್ಲಲ್ಲ. ಕಾರಲ್ಲಿ ಮುಂದಿನ ಚಕ್ರ ತಿರುಗಿದ ಕಡೆ ಹಿಂದಿನದು ಬರತ್ತೆ, ಬೋಟಲ್ಲಿ ತಳ್ಳೋದೇ ಹಿಂದುಗಡೆಯಿಂದ, ಹಾಗಾಗಿ ಮೂತಿ ಎಡಕ್ಕೆ ಹೋದ್ರೆ ಹಿಂಬದಿ ಬಲಕ್ಕೆ ಬೀಸತ್ತೆ, ಪಕ್ಕದಲ್ಲಿರೋ ಬೋಟಿಗೆ ಹೋಗಿ ಬಡಿಯೋದು ಆ ಹಿಂಬದಿನೇ. ಔಟ್‌ಬೋರ್ಡ್ ಇಂಜಿನ್ (ಬೋಟಿನ ಹಿಂಬದಿಗೆ ಹೊರಗಡೆ ಸಿಕ್ಕಿಸೋದು) ಆದ್ರಂತೂ ನ್ಯೂಟ್ರಲ್‌ಗೆ ಹಾಕಿದ ಕೂಡ್ಲೇ ಸ್ಟೀರಿಂಗ್ ಹೆಚ್ಚುಕಮ್ಮಿ ಕೆಲಸ ಮಾಡೋದನ್ನೇ ಬಿಡತ್ತೆ, ತಿರುಗಿಸೋ ಶಕ್ತಿ ಬರೋದು ಪ್ರೊಪೆಲ್ಲರ್ ತಳ್ಳೋ ನೀರಿಂದ ತಾನೇ. ಇದೆಲ್ಲ ಪುಸ್ತಕದಲ್ಲೂ ಇದೆ, ಆದ್ರೆ ಓದಿದೋರ ಕೈಗೆ ಗೊತ್ತಿರಲ್ಲ. ಗಾಳಿ ಮೂತಿನ ತಳ್ಳೋಕೆ ಶುರು ಮಾಡಿದಾಗ ಗಾಬರಿಯಾಗಿ ಥ್ರಾಟಲ್ ಜಾಸ್ತಿ ಒತ್ತುತಾರೆ, ಜೆಟ್ಟಿ ಮೇಲೆ ನಿಂತೋರು ಕಾಲು ಚಾಚಿ ಬೋಟ್ ತಡೆಯೋಕೆ ಬರ್ತಾರೆ, ಕಾಲು ಮುರಿಯೋದು ಹಿಂಗೇ.

ನಾನು ಹೇಳೋದು ಇಷ್ಟೇ. ಕಾರ್ಡ್ ಕೊಡೋಕೆ ಮುಂಚೆ ತರಬೇತಿ ಪಡೆದ ಒಬ್ಬರು ಬೋಟಲ್ಲಿ ಪಕ್ಕಕ್ಕೆ ನಿಂತು ಆ ಮನುಷ್ಯ ಓಡಿಸೋದನ್ನ ಕಣ್ಣಾರೆ ನೋಡಿರ್ಬೇಕು. ಥಿಯರಿ ಬೇಡ ಅಂತಿಲ್ಲ, ಥಿಯರಿ ಮಾತ್ರ ಸಾಲಲ್ಲ ಅಂತಿದೀನಿ. ನೀವೇನಂತೀರಿ?

ತೆರೆನೊರೆ

ಸರ್ ನಿಮ್ಮ ಕಾಳಜಿ ಅರ್ಥ ಆಗತ್ತೆ, ಆದ್ರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಾವೆಲ್ಲ ಬೋಟ್ ಕಲಿತಿದ್ದು ಮನೆಯೋರ ಹತ್ರ, ಅವರ ಪಕ್ಕ ನಿಂತು ನೋಡಿ ನೋಡಿ ಕೈಗೆ ಬಂದಿದ್ದು. ಯಾವ ಪರೀಕ್ಷಕನೂ ಇರ್ಲಿಲ್ಲ. ಆನ್‌ಲೈನ್ ಕೋರ್ಸಿನ ದೊಡ್ಡ ಗುಣ ಅಂದ್ರೆ ಅದು ಎಲ್ಲರಿಗೂ ಸಿಗತ್ತೆ, ದೂರದಲ್ಲಿರೋರಿಗೂ ಸಿಗತ್ತೆ. ನೀರಿನ ಮೇಲಿನ ಪರೀಕ್ಷೆ ಕಡ್ಡಾಯ ಅಂದ್ರೆ ಅಷ್ಟು ಬೋಟು, ಅಷ್ಟು ಶಿಕ್ಷಕರು, ಅಷ್ಟು ಟೈಮು ಎಲ್ಲಿಂದ ತರೋದು? ಕೊನೆಗೆ ಜನ ಏನೂ ಕಲೀದೇನೇ ಬೋಟ್ ಇಳಿಸ್ತಾರೆ, ಈಗ ಓದ್ತಿರೋ ನಾಕು ಅಕ್ಷರನೂ ಹೋಗತ್ತೆ.

ದಿಕ್ಸೂಚಿ

ಇಬ್ರೂ ಹೇಳ್ತಿರೋ ಎರಡು ರೀತಿನೂ ಪ್ರಪಂಚದಲ್ಲಿ ನಡೀತಾನೇ ಇದೆ, ಯಾರು ಎಲ್ಲಿ ಏನ್ಮಾಡ್ತಿದಾರೆ ಅಂತ ನೋಡಿದ್ರೆ ಚರ್ಚೆ ಸ್ವಲ್ಪ ನೆಲಕ್ಕೆ ಬರತ್ತೆ.

ಜರ್ಮನಿಯಲ್ಲಿ 15 ಅಶ್ವಶಕ್ತಿಗಿಂತ ಜಾಸ್ತಿ ಇಂಜಿನ್ ಇರೋ ಬೋಟಿಗೆ ಲೈಸೆನ್ಸ್ ಬೇಕು, 2012ರ ತನಕ ಈ ಮಿತಿ ಬರೀ 5 ಇತ್ತು. ಅಲ್ಲಿ ಬರೆಯೋ ಪರೀಕ್ಷೆ ಜೊತೆಗೆ ಬೋಟ್ ಮೇಲೆ ಪರೀಕ್ಷೆನೂ ಇದೆ, ನೀರಿಗೆ ಬಿದ್ದೋರನ್ನ ಎತ್ತೋದು, ದಡಕ್ಕೆ ತಂದು ಕಟ್ಟೋದು, ಹಗ್ಗದ ಗಂಟು ಹಾಕೋದು ಎಲ್ಲ ಮಾಡಿ ತೋರಿಸ್ಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ಅಥವಾ ಅದಕ್ಕಿಂತ ವೇಗವಾಗಿ ಓಡಿಸೋರಿಗೆ ಲೈಸೆನ್ಸ್ ಬೇಕು, ಅದಕ್ಕೆ ಪ್ರಾಕ್ಟಿಕಲ್ ಕೋರ್ಸ್ ಮಾಡ್ಬೇಕು ಇಲ್ಲಾ ಅನುಭವ ಇರೋರ ಜೊತೆ ಓಡಿಸಿ ಲಾಗ್‌ಬುಕ್ ತುಂಬಿಸ್ಬೇಕು. ತೆರೆನೊರೆ ಅವರೇ, ಮನೆಯೋರ ಪಕ್ಕ ನಿಂತು ಕಲಿಯೋದು ಅಂದ್ರಲ್ಲ, ಅದಕ್ಕೆ ಅಲ್ಲಿ ಕಾನೂನಲ್ಲೇ ಜಾಗ ಇದೆ.

ಕೆನಡಾದಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಪ್ಲೆಷರ್ ಕ್ರಾಫ್ಟ್ ಆಪರೇಟರ್ ಕಾರ್ಡ್ ಅಂತ ಇದೆ, 1999ರಲ್ಲಿ ನಿಯಮ ಬಂದು ಹಂತ ಹಂತವಾಗಿ 2009ಕ್ಕೆ ಎಲ್ಲಾ ವಯಸ್ಸಿನೋರಿಗೂ ಅನ್ವಯ ಆಯ್ತು, ಆದ್ರೆ ಅದು ಬರೀ ತಿಳುವಳಿಕೆ ಪರೀಕ್ಷೆ, ಬೋಟ್ ಮುಟ್ಟದೇನೇ ಕಾರ್ಡ್ ತಗೋಬಹುದು. ಅಮೆರಿಕದಲ್ಲಿ ಇಡೀ ದೇಶಕ್ಕೆ ಅಂತ ಲೈಸೆನ್ಸ್ ಇಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಫ್ಲೋರಿಡಾದಲ್ಲಿ 1988ರ ಜನವರಿ 1 ಅಥವಾ ಆಮೇಲೆ ಹುಟ್ಟಿದೋರು 10 ಅಶ್ವಶಕ್ತಿ ಅಥವಾ ಮೇಲ್ಪಟ್ಟ ಬೋಟ್ ಓಡಿಸೋಕೆ ಕೋರ್ಸ್ ಮಾಡಿರ್ಬೇಕು, ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಎಲ್ಲಾ ವಯಸ್ಸಿನೋರಿಗೂ ಕಾರ್ಡ್ ಬೇಕು. ಇವೆಲ್ಲ ಹೆಚ್ಚಾಗಿ ಆನ್‌ಲೈನಲ್ಲೇ ಮುಗಿಯತ್ತೆ.

ಬ್ರಿಟನ್ನಿಂದು ಮೂರನೇ ದಾರಿ. ಸಮುದ್ರದಲ್ಲಿ ಖುಷಿಗೆ ಬೋಟ್ ಓಡಿಸೋಕೆ ಲೈಸೆನ್ಸ್ ಕಡ್ಡಾಯನೇ ಅಲ್ಲ, ಆದ್ರೂ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಪವರ್‌ಬೋಟ್ ಲೆವೆಲ್ 2 ಕೋರ್ಸಿಗೆ ಜನ ತಾವಾಗೇ ಹೋಗ್ತಾರೆ, ಎರಡು ದಿನ, ಹೆಚ್ಚಿನ ಭಾಗ ನೀರಿನ ಮೇಲೇ.

ತೆರೆನೊರೆ

ಅದೇ ನಾನು ಹೇಳ್ತಿರೋದು. ಬ್ರಿಟನ್ನಲ್ಲಿ ಕಡ್ಡಾಯ ಇಲ್ಲ, ಆದ್ರೂ ಕಲೀತಿದಾರೆ. ಕೋರ್ಸ್ ಚೆನ್ನಾಗಿದ್ರೆ ಜನ ತಾವೇ ಬರ್ತಾರೆ, ದೊಣ್ಣೆ ಹಿಡ್ಕೊಂಡು ನಿಲ್ಲೋ ಅವಶ್ಯಕತೆ ಏನು?

ನೀರ್ದಾರಿ

ಬರೋರು ಬರ್ತಾರೆ ಸರ್, ನನ್ನ ಚಿಂತೆ ಬರದೇ ಇರೋರದ್ದು. ಅಮೆರಿಕದ ಕೋಸ್ಟ್ ಗಾರ್ಡ್ ಪ್ರತಿವರ್ಷ ಬೋಟ್ ಅಪಘಾತದ ಲೆಕ್ಕ ಬಿಡುಗಡೆ ಮಾಡತ್ತೆ, 2023ರಲ್ಲಿ ಸತ್ತೋರು 564 ಜನ. ಕಾರಣ ಗೊತ್ತಾದ ಸಾವುಗಳಲ್ಲಿ 75% ಮುಳುಗಿದ್ದು, ಹಂಗೆ ಮುಳುಗಿದೋರಲ್ಲಿ 87% ಲೈಫ್ ಜಾಕೆಟ್ ಹಾಕಿರ್ಲಿಲ್ಲ. ಇನ್ನೊಂದು ಸಾಲು ನೋಡಿ, ಓಡಿಸೋರ ತರಬೇತಿ ಬಗ್ಗೆ ಮಾಹಿತಿ ಸಿಕ್ಕಿರೋ ಕಡೆ 75% ಸಾವು ಆಗಿರೋದು ಯಾವ ಸುರಕ್ಷತಾ ತರಬೇತಿನೂ ಇಲ್ಲದೋರು ಓಡಿಸ್ತಿದ್ದ ಬೋಟಲ್ಲಿ. ಅಪಘಾತಕ್ಕೆ ಕಾರಣ ಅಂತ ಪಟ್ಟಿಯಲ್ಲಿ ಮೇಲೆ ಇರೋದು ಏನು ಗೊತ್ತಾ, ಗಮನ ಇಲ್ಲದೇ ಓಡಿಸೋದು, ಸುತ್ತಮುತ್ತ ನೋಡದೇ ಇರೋದು, ಅನುಭವ ಇಲ್ಲದಿರೋದು, ಅತಿ ವೇಗ. ಸಾವಿನ ವಿಷಯಕ್ಕೆ ಬಂದ್ರೆ ಕುಡಿತ ಮೊದಲು.

ತೆರೆನೊರೆ

ಈ 75% ಲೆಕ್ಕನ ಎಲ್ಲರೂ ಹೇಳ್ತಾರೆ, ಆದ್ರೆ ಒಂದು ನಿಮಿಷ ಯೋಚನೆ ಮಾಡಿ. ಒಟ್ಟು ಬೋಟ್ ಓಡಿಸೋರಲ್ಲಿ ತರಬೇತಿ ಇಲ್ಲದೋರು ಎಷ್ಟು ಜನ ಅಂತ ಗೊತ್ತಿಲ್ಲದೇ ಈ ಸಂಖ್ಯೆಯಿಂದ ಏನೂ ಸಾಬೀತಾಗಲ್ಲ. ನೂರಕ್ಕೆ ಮುಕ್ಕಾಲು ಪಾಲು ಜನ ತರಬೇತಿ ಇಲ್ಲದೋರೇ ಆಗಿದ್ರೆ ಸಾವೂ ಅಷ್ಟೇ ಪಾಲು ಇರತ್ತೆ. ಅದೂ ಅಲ್ದೆ ಆ ತರಬೇತಿ ಅನ್ನೋದ್ರಲ್ಲಿ ನೀವು ಸಾಲಲ್ಲ ಅಂತಿರೋ ಆನ್‌ಲೈನ್ ಕೋರ್ಸೂ ಸೇರಿದೆ. ಹಾಗಾದ್ರೆ ಅದು ಆನ್‌ಲೈನ್ ಕೋರ್ಸಿನ ಪರವಾಗೇ ಆಯ್ತಲ್ಲ.

ನೀರ್ದಾರಿ

ನ್ಯಾಯವಾದ ಮಾತು. ಆ ಒಂದು ಅಂಕಿ ಮೇಲೆ ನಾನು ಪೂರ್ತಿ ಭಾರ ಹಾಕಲ್ಲ. ಆದ್ರೆ ಕಾರಣಗಳ ಪಟ್ಟಿ ಹಾಗೇ ನಿಲ್ಲತ್ತೆ. ಗಮನ, ನೋಟ, ವೇಗದ ಅಂದಾಜು, ಇವು ಮೂರೂ ಅಭ್ಯಾಸದಿಂದ ಬರೋವು.

ಹಾಯಿಗಾಳಿ

ನಾನು ಹಾಯಿದೋಣಿಯೋಳು, ಆದ್ರೂ ಈ ನೋಟದ ವಿಷಯಕ್ಕೆ ಬಂದಿದ್ದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಡಿಕ್ಕಿ ತಡೆ ನಿಯಮದಲ್ಲಿ 5ನೇದು ಕಣ್ಣು ಕಿವಿ ತೆರೆದಿಟ್ಟು ಕಾವಲು ಕಾಯ್ಬೇಕು ಅನ್ನತ್ತೆ, 7ನೇದು ಎದುರಿನ ಹಡಗಿನ ದಿಕ್ಕು ಬದಲಾಗ್ದೇ ಇದ್ರೆ ಡಿಕ್ಕಿ ಅಪಾಯ ಇದೆ ಅಂತ ತಿಳ್ಕೋಬೇಕು ಅನ್ನತ್ತೆ. ಓದಿದ್ರೆ ಒಂದು ಸಾಲು, ಪರೀಕ್ಷೆಯಲ್ಲಿ ಒಂದು ಮಾರ್ಕು. ನೀರಿನ ಮೇಲೆ ಇದನ್ನ ಹೇಳ್ಕೊಡೋದು ಹೀಗೆ. ನೆಟ್ಟಗೆ ಒಂದೇ ದಿಕ್ಕಲ್ಲಿ ಹೋಗ್ತಾ ಇರಿ, ದೂರದಲ್ಲಿ ಅಡ್ಡ ಬರ್ತಿರೋ ಬೋಟನ್ನ ನಮ್ಮ ಬೋಟಿನ ಕಂಬಿಯ ಒಂದು ಕಾಲಿನ ನೇರಕ್ಕೆ ಇಟ್ಕೊಂಡು ನೋಡಿ, ತಲೆ ಅಲ್ಲಾಡಿಸ್ಬೇಡಿ. ಸ್ವಲ್ಪ ಹೊತ್ತಾದ್ಮೇಲೆ ಅದು ಕಂಬಿಯಿಂದ ಮುಂದಕ್ಕೆ ಸರಿದ್ರೆ ನಮ್ಮ ಮುಂದೆ ಹೋಗತ್ತೆ, ಹಿಂದಕ್ಕೆ ಸರಿದ್ರೆ ಹಿಂದೆ ಹೋಗತ್ತೆ. ಎರಡೂ ಆಗ್ದೇ ಅದೇ ಕಂಬಿಯ ನೇರಕ್ಕೇ ನಿಂತು ದೊಡ್ಡದಾಗ್ತಾ ಬಂದ್ರೆ ಡಿಕ್ಕಿನೇ. ಹೊಸಬರಿಗೆ ಅದು ಅಲ್ಲಾಡದೇ ನಿಂತಿರೋ ಹಾಗೆ ಕಾಣೋದ್ರಿಂದ ಅಪಾಯ ಇಲ್ಲ ಅನ್ಸತ್ತೆ, ಅಲ್ಲೇ ಇರೋದು ಮೋಸ. ಒಂದು ಸಲ ಕಣ್ಣಾರೆ ನೋಡಿದೋರು ಜೀವನಪೂರ್ತಿ ಮರೆಯಲ್ಲ, ನಾನು ನೋಡಿರೋ ಕಲಿಯೋರೆಲ್ಲ ಈ ಪಾಠ ಆದ್ಮೇಲೆ ಕೂತ್ಕೊಂಡು ಮಾತಾಡೋ ರೀತಿನೇ ಬದಲಾಗತ್ತೆ, ಮಾತಾಡ್ತಾನೇ ಕಣ್ಣು ಸುತ್ತ ಓಡ್ತಿರತ್ತೆ.

ಈ ವಿಷಯದಲ್ಲಿ ನಾನು ನೀರ್ದಾರಿ ಸರ್ ಕಡೆ.

ಹೊಸಹುಟ್ಟು

ನಮಸ್ತೆ, ನಾನು ಹೊಸಬ. ಕೋರ್ಸ್ ಸೇರ್ಬೇಕು ಅಂತಿದೀನಿ. ನೀರಿನ ಮೇಲಿನ ಕ್ಲಾಸ್ ಅಂದ್ರೆ ನಿಜವಾಗ್ಲೂ ಏನೇನ್ ಮಾಡಿಸ್ತಾರೆ? ಒಂದು ರೌಂಡ್ ಹೊಡೆಸಿ ಕಳಿಸ್ತಾರಾ ಇಲ್ಲಾ ಬೇರೆ ಇನ್ನೇನಾದ್ರೂ ಇದೆಯಾ?

ನೀರ್ದಾರಿ

ಒಳ್ಳೇ ಪ್ರಶ್ನೆ ಹೊಸಹುಟ್ಟು ಅವರೇ. ರೌಂಡ್ ಹೊಡೆಸಿ ಕಳಿಸೋರೂ ಇದಾರೆ, ಅಂಥವರ ಹತ್ರ ಹೋಗ್ಬೇಡಿ. ನಾನು ಮಾಡೋ ಕ್ರಮ ಹೇಳ್ತೀನಿ, ಉದ್ದ ಆಗತ್ತೆ.

ಮೊದಲು ದಡದಲ್ಲೇ ಬೋಟ್ ನೋಡೋದು. ಇಂಧನ, ಬ್ಯಾಟರಿ, ತಳದ ಡ್ರೈನ್ ಪ್ಲಗ್ (ಇದನ್ನ ಹಾಕೋದು ಮರೆತು ನೀರಿಗೆ ಇಳಿಸೋದು ತುಂಬಾ ನಡೆಯತ್ತೆ), ಲಂಗರು, ಹಗ್ಗ, ಫೈರ್ ಎಕ್ಸ್‌ಟಿಂಗ್ವಿಷರ್, ಎಲ್ಲರ ಲೈಫ್ ಜಾಕೆಟ್ ಮೈಗೆ ಸರಿಯಾಗಿ ಕೂತಿದೆಯಾ. ಹವಾಮಾನ ನೋಡೋದು, ಎಲ್ಲಿಗೆ ಹೋಗ್ತೀವಿ ಎಷ್ಟೊತ್ತಿಗೆ ಬರ್ತೀವಿ ಅಂತ ದಡದಲ್ಲಿರೋ ಒಬ್ಬರಿಗೆ ಹೇಳೋದು.

ಆಮೇಲೆ ವಿಶಾಲವಾದ ಜಾಗಕ್ಕೆ ಹೋಗಿ ಇಂಜಿನ್ ನ್ಯೂಟ್ರಲ್‌ಗೆ ಹಾಕಿಸ್ತೀನಿ. ಏನೂ ಮಾಡ್ಬೇಡಿ, ಬೋಟ್ ಏನ್ಮಾಡತ್ತೆ ನೋಡಿ ಅಂತೀನಿ. ಗಾಳಿ ಮೂತಿನ ಪಕ್ಕಕ್ಕೆ ತಳ್ಳತ್ತೆ, ಯಾಕಂದ್ರೆ ಮೂತಿ ನೀರಲ್ಲಿ ಕಮ್ಮಿ ಆಳ ಇರತ್ತೆ, ಇಂಜಿನ್ ಇರೋ ಹಿಂಬದಿ ಆಳಕ್ಕೆ ಕೂತಿರತ್ತೆ. ದಡದಲ್ಲಿರೋ ಒಂದು ಕಂಬ ಅದರ ಹಿಂದಿರೋ ಒಂದು ಮರ ಎರಡನ್ನೂ ಒಂದೇ ಗೆರೆಗೆ ತಂದ್ಕೊಂಡು ನೋಡ್ತಿದ್ರೆ ಬೋಟ್ ಎಷ್ಟು ಜರುಗ್ತಿದೆ ಅಂತ ಗೊತ್ತಾಗತ್ತೆ, ಗೆರೆ ಒಡೆದ್ರೆ ಜರುಗ್ತಿದ್ದೀವಿ ಅಂತ. ಇದು ಕಲಿಯೋ ತನಕ ನಾನು ಜೆಟ್ಟಿ ಹತ್ರ ಕರ್ಕೊಂಡು ಹೋಗೋದೇ ಇಲ್ಲ.

ಆಮೇಲೆ ಗೇರ್. ಮುಂದೆ, ನ್ಯೂಟ್ರಲ್, ಹಿಂದೆ. ಮಧ್ಯದಲ್ಲಿ ಒಂದು ಕ್ಷಣ ತಡೆದು ಹಾಕ್ಬೇಕು, ಮುಂದಿಂದ ಸೀದಾ ರಿವರ್ಸ್‌ಗೆ ಎಳೆದ್ರೆ ಗೇರ್‌ಬಾಕ್ಸ್ ಹಾಳಾಗತ್ತೆ. ನಿಧಾನವಾಗಿ ಹೋಗೋದು ಅಂದ್ರೆ ಗೇರ್ ಹಾಕಿ ತೆಗೆದು ಹಾಕಿ ತೆಗೆದು ಹೋಗೋದು, ಥ್ರಾಟಲ್ ಮುಟ್ಟೋ ಕೆಲಸನೇ ಇಲ್ಲ. ಸ್ಟೀರಿಂಗ್ ಮೊದ್ಲು ತಿರುಗಿಸ್ಬೇಕು, ಆಮೇಲೆ ಗೇರ್ ಹಾಕ್ಬೇಕು, ಈ ಕ್ರಮ ಉಲ್ಟಾ ಆದ್ರೆ ಬೋಟ್ ಮೊದ್ಲು ಮುಂದೆ ನುಗ್ಗಿ ಆಮೇಲೆ ತಿರುಗತ್ತೆ. ಒಂದೇ ಇಂಜಿನ್ ಒಳಗಿರೋ, ಬಲಗೈ ಪ್ರೊಪೆಲ್ಲರ್ (ಮುಂದೆ ಹೋಗೋವಾಗ ಹಿಂದಿಂದ ನೋಡಿದ್ರೆ ಗಡಿಯಾರದ ಮುಳ್ಳಿನ ಹಾಗೆ ತಿರುಗೋದು) ಇರೋ ಬೋಟಾದ್ರೆ ರಿವರ್ಸ್ ಹಾಕಿದಾಗ ಹಿಂಬದಿ ಎಡಕ್ಕೆ ಎಳೆಯತ್ತೆ, ಅದನ್ನ ತಿಳ್ಕೊಂಡು ಎಡಪಕ್ಕನ ಜೆಟ್ಟಿಗೆ ಕೊಟ್ರೆ ಬೋಟ್ ತಾನಾಗೇ ಒಳಗೆ ಬಂದು ಕೂರತ್ತೆ.

ಜೆಟ್ಟಿಗೆ ಬರೋದು ಅಂದ್ರೆ, ಗಾಳಿ ಅಥವಾ ಹರಿವು ಯಾವುದು ಜೋರೋ ಅದಕ್ಕೆ ಎದುರಾಗಿ ಬರ್ಬೇಕು. ದೂರದಲ್ಲೇ ನಿಂತು ಒಂದು ಸಲ ನೋಡ್ಬೇಕು, ಫೆಂಡರ್ (ಬೋಟ್ ಜೆಟ್ಟಿಗೆ ಉಜ್ಜದ ಹಾಗೆ ಪಕ್ಕಕ್ಕೆ ಇಳಿಬಿಡೋ ದಿಂಬು) ಕಟ್ಟಿರ್ಬೇಕು, ಹಗ್ಗ ಯಾರ ಕೈಲಿ ಅಂತ ಮಾತಾಡ್ಕೊಂಡಿರ್ಬೇಕು. ಗಾಳಿ ಜೆಟ್ಟಿಯಿಂದ ಹೊರಗೆ ತಳ್ತಿದ್ರೆ ಸ್ವಲ್ಪ ಚೂಪಾದ ಕೋನದಲ್ಲಿ ಬಂದು, ಮೂತಿ ಹತ್ರ ಬಂದಾಗ ಸ್ಟೀರಿಂಗನ್ನ ಜೆಟ್ಟಿಯಿಂದ ಆಚೆಗೆ ತಿರುಗಿಸಿ ಒಂದು ಚೂರು ಗೇರ್ ಕೊಟ್ರೆ ಹಿಂಬದಿ ಒಳಗೆ ಬರತ್ತೆ, ಕೂಡ್ಲೇ ಸ್ಟೀರಿಂಗ್ ಜೆಟ್ಟಿ ಕಡೆಗೆ ತಿರುಗಿಸಿ ರಿವರ್ಸ್ ಕೊಟ್ರೆ ನಿಲ್ಲತ್ತೆ. ಓದೋಕೆ ಕಷ್ಟ ಅನ್ಸತ್ತೆ, ಪಕ್ಕದಲ್ಲಿ ಒಬ್ಬರು ನಿಂತು ಈಗ, ಈಗ, ಸಾಕು ಅಂತ ಹೇಳ್ತಿದ್ರೆ ಒಂದು ಬೆಳಿಗ್ಗೆಯಲ್ಲಿ ಬರತ್ತೆ. ಸರಿ ಬರ್ಲಿಲ್ಲ ಅಂದ್ರೆ ಬಿಟ್ಟು ಹೊರಗೆ ಹೋಗಿ ಮತ್ತೆ ಬನ್ನಿ. ಹಂಗೆ ಬಿಟ್ಟು ಹೋಗೋ ಧೈರ್ಯ ತೋರಿಸಿದೋರಿಗೆ ನಾನು ಪರೀಕ್ಷೆಯಲ್ಲಿ ಜಾಸ್ತಿ ಮಾರ್ಕ್ ಕೊಡ್ತೀನಿ, ಹಟ ಮಾಡಿ ನುಗ್ಗಿಸಿ ನಿಲ್ಲಿಸಿದೋರಿಗೆ ಕೊಡಲ್ಲ.

ಕೊನೆಗೆ ವೇಗ. ಬೋಟ್ ನೀರಿನ ಮೇಲಕ್ಕೆ ಎದ್ದು ಜಾರೋದು, ಟ್ರಿಮ್ ಅಂದ್ರೆ ಇಂಜಿನ್ ಎಷ್ಟು ಓರೆ ಇಡ್ಬೇಕು ಅನ್ನೋದು, ತಿರುಗಿಸೋ ಮುಂಚೆ ಎಲ್ಲರಿಗೂ ಹಿಡ್ಕೊಳ್ಳಿ ಅಂತ ಕೂಗಿ ಹೇಳೋದು, ಭುಜದ ಹಿಂದೆ ತಿರುಗಿ ನೋಡೋದು, ಥಟ್ಟನೆ ನಿಲ್ಲಿಸ್ಬೇಕಾದ್ರೆ ನಮ್ಮದೇ ಅಲೆ ಹಿಂದಿಂದ ಬಂದು ಒಳಗೆ ನುಗ್ಗದ ಹಾಗೆ ನಿಲ್ಲಿಸೋದು.

ಅಂಬಿಗ್ತಿ

ಸರ್ ಎಲ್ಲ ಸರಿ, ಕಿಲ್ ಕಾರ್ಡ್ ಬಗ್ಗೆ ಹೇಳೋದು ಬಿಟ್ಬಿಟ್ರಿ! ಹೊಸಬರಿಗೆ ಮೊದ್ಲು ಹೇಳ್ಬೇಕಾದ್ದೇ ಅದು. ಓಡಿಸೋರ ಕಾಲಿಗೋ ಜಾಕೆಟ್ಟಿಗೋ ಸಿಕ್ಕಿಸೋ ಆ ಕೆಂಪು ಸುರುಳಿ ಹಗ್ಗ, ಅವರು ಬಿದ್ರೆ ಕಿತ್ಕೊಂಡು ಇಂಜಿನ್ ನಿಲ್ಲತ್ತೆ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಹತ್ರ ಒಂದೇ ಕುಟುಂಬದ ಆರು ಜನ ಒಂದು ಜೋರಾದ ತಿರುವಲ್ಲಿ ಬೋಟಿಂದ ಹೊರಗೆ ಎಸೆದುಹೋದ್ರು. ಕಿಲ್ ಕಾರ್ಡ್ ಸಿಕ್ಕಿಸಿರ್ಲಿಲ್ಲ. ಖಾಲಿ ಬೋಟ್ ಸುತ್ತು ಹಾಕ್ತಾ ಅವರ ಮೇಲೇ ಬಂತು, ಇಬ್ರು ಸತ್ರು, ಉಳಿದೋರಿಗೂ ಗಾಯ. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಬೋಟುಗಳಲ್ಲಿ ಇದನ್ನ ಸಿಕ್ಕಿಸ್ಕೊಳ್ಳೋದು ಕಾನೂನೇ ಮಾಡಿದಾರೆ.

ಇನ್ನೊಂದು ಮಾತು. ಬೋಟಲ್ಲಿ ಸಾಮಾನ್ಯವಾಗಿ ಒಬ್ಬರೇ ಓಡಿಸೋದು, ಬಾಕಿಯೋರು ಕೂತಿರೋದು. ಆ ಒಬ್ಬರು ನೀರಿಗೆ ಬಿದ್ರೆ? ಎಷ್ಟೋ ಮನೆಗಳಲ್ಲಿ ಗಂಡ ಕೋರ್ಸ್ ಮಾಡಿರ್ತಾರೆ, ಹೆಂಡತಿಗೆ ಇಂಜಿನ್ ಆಫ್ ಮಾಡೋದೂ ಗೊತ್ತಿರಲ್ಲ, ಮಕ್ಕಳಿಗೆ ರೇಡಿಯೋ ಮುಟ್ಬೇಡ ಅಂತ ಹೇಳಿರ್ತಾರೆ. ನಾನು ಹೇಳೋದು ಸರ್ಟಿಫಿಕೇಟ್ ಒಬ್ಬರಿಗೆ ಕೊಡಿ ಪರವಾಗಿಲ್ಲ, ಆದ್ರೆ ಕ್ಲಾಸಿಗೆ ಜೊತೆಯಲ್ಲಿ ಹೋಗೋರನ್ನೂ ಕೂರಿಸ್ಕೊಳ್ಳಿ. ಸ್ಪೇರ್ ಕಿಲ್ ಕಾರ್ಡ್ ಒಂದು ಇರ್ಬೇಕು, ಯಾಕಂದ್ರೆ ಮೊದಲನೇದು ಬಿದ್ದೋರ ಜೊತೆ ನೀರಿಗೆ ಹೋಗಿರತ್ತೆ, ಅದು ಇಲ್ಲದೇ ಎಷ್ಟೋ ಇಂಜಿನ್ ಸ್ಟಾರ್ಟೇ ಆಗಲ್ಲ. ಆ ಸ್ಪೇರ್ ಕಿಲ್ ಕಾರ್ಡ್ ಎಲ್ಲಿಟ್ಟಿದೆ ಅಂತ ಬೋಟಲ್ಲಿರೋ ಎಲ್ಲರಿಗೂ ಗೊತ್ತಿರ್ಬೇಕು. ವಿಎಚ್‌ಎಫ್ ರೇಡಿಯೋ 16ನೇ ಚಾನೆಲಲ್ಲಿ ಮೇಡೇ (ಜೀವಕ್ಕೆ ಅಪಾಯ ಇದೆ ಅನ್ನೋ ಸಂಕೇತ) ಅಂತ ಮೂರು ಸಲ ಹೇಳಿ ಬೋಟಿನ ಹೆಸರು, ಜಾಗ, ಏನಾಗಿದೆ, ಎಷ್ಟು ಜನ ಇದೀವಿ ಅಂತ ಹೇಳೋದನ್ನ ಹತ್ತು ವರ್ಷದ ಮಗುನೂ ಕಲಿಯತ್ತೆ.

ನೀರ್ದಾರಿ

ಅಂಬಿಗ್ತಿ ಮೇಡಂ, ಕಿಲ್ ಕಾರ್ಡ್ ಮಾತಿಗೂ ಜೊತೆಗಾರರ ಮಾತಿಗೂ ನೂರಕ್ಕೆ ನೂರು ಒಪ್ಪಿಗೆ. ನೀರಿಗೆ ಬಿದ್ದೋರನ್ನ ಎತ್ತೋ ಅಭ್ಯಾಸ ಮಾಡಿಸೋವಾಗ ಇದೇ ಎದ್ದು ಕಾಣತ್ತೆ. ಗೊಂಬೆ ಎಸೀತೀವಿ. ಕೂಗ್ಬೇಕು, ತೇಲೋದು ಏನಾದ್ರೂ ಎಸೀಬೇಕು, ಒಬ್ಬರು ಕೈ ತೋರಿಸ್ತಾ ಕಣ್ಣು ಕೀಳದೇ ನಿಲ್ಬೇಕು, ಅಲೆ ಇರೋವಾಗ ನೀರಲ್ಲಿರೋ ತಲೆ ಎರಡು ಸೆಕೆಂಡ್ ಕಣ್ಣು ತಪ್ಪಿದ್ರೆ ಮತ್ತೆ ಸಿಗಲ್ಲ. ಓಡಿಸೋರು ನಿಧಾನ ಮಾಡಿ ಸುತ್ತು ಹಾಕಿ ಗಾಳಿಗೆ ಎದುರಾಗಿ ಬಂದು, ಹತ್ರ ಬಂದಾಗ ನ್ಯೂಟ್ರಲ್, ಕೈಗೆ ಸಿಕ್ಕ ಮೇಲೆ ಇಂಜಿನ್ ಪೂರ್ತಿ ಆಫ್. ಪ್ರೊಪೆಲ್ಲರ್ ತಿರುಗ್ತಿರೋವಾಗ ಮನುಷ್ಯ ಹಿಂಬದಿಗೆ ಬರ್ಲೇಬಾರ್ದು. ಮತ್ತೆ ಮೇಲಕ್ಕೆ ಎತ್ತೋದಿದೆಯಲ್ಲ, ಒದ್ದೆ ಬಟ್ಟೆಯಲ್ಲಿರೋ ಸುಸ್ತಾದ ಮನುಷ್ಯನ್ನ ಇಬ್ರು ಸೇರಿದ್ರೂ ಎತ್ತೋಕಾಗಲ್ಲ, ಏಣಿ ಬೇಕು ಇಲ್ಲಾ ಹಗ್ಗದ ಕುಣಿಕೆ ಇಳಿಬಿಟ್ಟು ಕಾಲಿಡಿಸ್ಬೇಕು. ಒಬ್ಬರೇ ಕಲ್ತಿದ್ರೆ ಇದ್ಯಾವುದೂ ನಡೆಯಲ್ಲ.

ಒಂಟಿಹುಟ್ಟು

ಕಯಾಕ್ ಕಡೆಯಿಂದ ಒಂದು ಮಾತು. ಇಂಜಿನ್ ಇಲ್ಲ ಅಂತ ನಮ್ಮನ್ನ ಕಾನೂನು ಹೆಚ್ಚಾಗಿ ಬಿಟ್ಬಿಡತ್ತೆ, ಆದ್ರೆ ತಣ್ಣೀರು ಎಲ್ಲರಿಗೂ ಒಂದೇ. ಕೆನಡಾದ ಮ್ಯಾನಿಟೋಬಾ ಯೂನಿವರ್ಸಿಟಿಯ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಜನಪ್ರಿಯ ಮಾಡಿದ 1-10-1 ಅಂತ ಒಂದು ಸೂತ್ರ ಇದೆ. ತುಂಬಾ ತಣ್ಣನೆ ನೀರಿಗೆ ಬಿದ್ರೆ ಏದುಸಿರು ಹಿಡಿತಕ್ಕೆ ತರೋಕೆ 1 ನಿಮಿಷ, ಕೈಕಾಲು ಮಾತು ಕೇಳೋದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪೋಕೆ 1 ಗಂಟೆ. ಜನ ಚಳಿಯಿಂದ ಸಾಯ್ತಾರೆ ಅನ್ಕೊಂಡಿರ್ತಾರೆ, ಅದಕ್ಕೂ ಮುಂಚೆನೇ ಮೊದಲ ಏದುಸಿರಲ್ಲಿ ನೀರು ಕುಡಿದೋ ಕೈ ಸೋತು ಈಜೋಕಾಗ್ದೇನೋ ಹೋಗಿರ್ತಾರೆ. ಜಾಕೆಟ್ ಹಾಕಿದ್ರೆ ಆ ಮೊದಲ ನಿಮಿಷ ತಲೆ ಮೇಲಿರತ್ತೆ. ಬೋಟಿನ ಸೀಟಿನ ಕೆಳಗೆ ಇಟ್ಟ ಜಾಕೆಟನ್ನ ನೀರಲ್ಲಿದ್ಕೊಂಡು ಹಾಕ್ಕೊಳ್ಳೋಕೆ ಒಂದು ಸಲ ಪ್ರಯತ್ನ ಮಾಡಿಸಿ ನೋಡಿ, ಆಳ ಕಮ್ಮಿ ಇರೋ ಜಾಗದಲ್ಲಿ, ಪಕ್ಕದಲ್ಲಿ ಜನ ಇಟ್ಕೊಂಡು. ಆಮೇಲೆ ಆ ಮನುಷ್ಯ ಜಾಕೆಟ್ ಬಿಚ್ಚೋ ಮಾತೇ ಆಡಲ್ಲ. ಇದನ್ನ ಕಂಪ್ಯೂಟರ್ ಹೇಗೆ ಕಲಿಸತ್ತೆ?

ತೆರೆನೊರೆ

ಸರಿ, ಕಲಿಸೋ ವಿಷಯದಲ್ಲಿ ನಾನು ಅರ್ಧ ದಾರಿ ಬಂದೆ. ನೀರಿನ ಮೇಲೆ ಕಲಿಯೋದು ಒಳ್ಳೇದು, ಒಪ್ಪಿದೆ. ಆದ್ರೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋದು ಬೇರೆ ವಿಷಯ. ಒಬ್ಬ ಪರೀಕ್ಷಕ ಸಡಿಲ, ಒಬ್ಬ ಬಿಗಿ. ಒಬ್ಬರಿಗೆ ಗಾಳಿ ಇಲ್ಲದ ದಿನ ಪರೀಕ್ಷೆ ಬಿದ್ರೆ ಆರಾಮಾಗಿ ಪಾಸು, ಇನ್ನೊಬ್ಬರಿಗೆ ಗಾಳಿ ಜೋರಿರೋ ದಿನ ಬಿದ್ರೆ ಫೇಲು. ಅದೇ ಕಾರ್ಡ್ ಇಬ್ರಿಗೂ. ಇದು ನ್ಯಾಯನಾ?

ದಿಕ್ಸೂಚಿ

ಈ ಪ್ರಶ್ನೆಗೇ ಅಮೆರಿಕದಲ್ಲಿ ಸುಮಾರು ಕೆಲಸ ಆಗಿದೆ. ಕೋಸ್ಟ್ ಗಾರ್ಡಿನ ಅನುದಾನದಲ್ಲಿ ಮೋಟಾರ್ ಬೋಟ್, ಹಾಯಿದೋಣಿ, ಹುಟ್ಟು ಹಾಕೋ ದೋಣಿ ಮೂರಕ್ಕೂ ಬೇರೆ ಬೇರೆಯಾಗಿ ನೀರಿನ ಮೇಲಿನ ಕೌಶಲದ ರಾಷ್ಟ್ರೀಯ ಮಾನದಂಡ ಬರೆದಿದಾರೆ. ಅದು ಪಠ್ಯಕ್ರಮ ಅಲ್ಲ. ಶುರುವಿನ ಹಂತದ ಕೋರ್ಸ್ ಮುಗಿಸಿದೋರು ಏನೇನು ಮಾಡಿ ತೋರಿಸೋಕೆ ಬರ್ಬೇಕು ಅನ್ನೋದನ್ನ ಹೇಳತ್ತೆ, ಹೇಗೆ ಕಲಿಸ್ತೀರಿ ಅನ್ನೋದು ಕಲಿಸೋರಿಗೆ ಬಿಟ್ಟಿದ್ದು. ಹಂಗೆ ಆದಾಗ ಎರಡು ಸ್ಕೂಲಿನೋರು ಒಂದೇ ಅಳತೆಯಲ್ಲಿ ಮಾತಾಡಬಹುದು.

ನೀರ್ದಾರಿ

ಅದಕ್ಕೆ ನನ್ನದೂ ಸೇರಿಸ್ತೀನಿ. ಚೆನ್ನಾಗಿ ಓಡಿಸ್ತಾರೆ ಅಂತ ಬರೆದ್ರೆ ಅದು ಪರೀಕ್ಷಕನ ಮನಸ್ಸಿಗೆ ಬಿಟ್ಟಿದ್ದು. ಅದೇ, ಗಾಳಿಗೆ ಎದುರಾಗಿ ಜೆಟ್ಟಿಗೆ ನಡಿಗೆಯ ವೇಗಕ್ಕಿಂತ ನಿಧಾನವಾಗಿ ಬಂದು, ಯಾರೂ ಕೈಕಾಲಿಂದ ತಡೆಯದೇ, ಹಗ್ಗ ದಾಟಿಸೋಷ್ಟು ಹೊತ್ತು ಬೋಟನ್ನ ನಿಲ್ಲಿಸಿದ್ರು ಅಂತ ಬರೆದ್ರೆ ಯಾರು ನೋಡಿದ್ರೂ ಆಯ್ತು ಅಥವಾ ಇಲ್ಲ ಅಂತ ಹೇಳಬಹುದು. ಗಾಳಿ ವಿಷಯಕ್ಕೆ, ಸರ್ಟಿಫಿಕೇಟ್ ಮೇಲೆ ಯಾವ ತರದ ಬೋಟು, ಯಾವ ತರದ ನೀರು ಅಂತ ಬರೀಬೇಕು. ಬ್ರಿಟನ್ನಿನ ಲೆವೆಲ್ 2 ಸರ್ಟಿಫಿಕೇಟಲ್ಲಿ ಒಳನಾಡಿನ ನೀರಲ್ಲಿ ಕಲಿತಿದ್ದಾ ಕರಾವಳಿಯಲ್ಲಾ ಅಂತ ನಮೂದಿಸ್ತಾರೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 40ನೇ ನಿರ್ಣಯದ ಪ್ರಕಾರ ಕೊಡೋ ಅಂತಾರಾಷ್ಟ್ರೀಯ ಸಾಮರ್ಥ್ಯ ಪತ್ರದಲ್ಲೂ ಒಳನಾಡು ಬೇರೆ, ಕರಾವಳಿ ಬೇರೆ. ನಿಂತ ನೀರಲ್ಲಿ ಕಲಿತೋರು ಭರತ ಇಳಿತ ಇರೋ ಕಡೆ ಹೋಗಿ ಇಲ್ಲೂ ನನಗೆ ಕಾರ್ಡ್ ಇದೆ ಅನ್ನೋ ಹಾಗಿರ್ಬಾರ್ದು.

ಇನ್ನು ಪರೀಕ್ಷೆ ಅಂದ ಕೂಡ್ಲೇ ಒಂದೇ ದಿನ ಒಂದೇ ಅವಕಾಶ ಅಂತ ಯಾಕೆ ಅನ್ಕೋಬೇಕು? ಕಲಿಸ್ತಾ ಕಲಿಸ್ತಾನೇ ಬಂದ ಕೌಶಲಕ್ಕೆ ಗುರುತು ಹಾಕ್ತಾ ಹೋಗಬಹುದು. ಬರದೇ ಇರೋದು ಮುಂದಿನ ಸಲ. ಲೆವೆಲ್ 2ರಲ್ಲಿ ಒಬ್ಬ ಶಿಕ್ಷಕರಿಗೆ ಮೂರೇ ಜನ, ಯಾಕಂದ್ರೆ ನಾಕೈದು ಜನ ಆದ್ರೆ ಸ್ಟೀರಿಂಗ್ ಹಿಡಿಯೋಕೆ ಸರದಿ ಬರೋದೇ ಕಷ್ಟ.

ಹಾಯಿಗಾಳಿ

ಶಿಕ್ಷಕರ ಬಗ್ಗೆನೂ ಹೇಳ್ಬೇಕು. ಚೆನ್ನಾಗಿ ಓಡಿಸೋರೆಲ್ಲ ಚೆನ್ನಾಗಿ ಕಲಿಸಲ್ಲ. ಕಲಿಯೋರ ಕೈ ತಡವರಿಸಿದ ತಕ್ಷಣ ಕೊಡಿಲ್ಲಿ ಅಂತ ಸ್ಟೀರಿಂಗ್ ಕಿತ್ಕೊಳ್ಳೋರು ಬೇಕಾದಷ್ಟು ಜನ. ಕಲಿಯೋರು ಅಲ್ಲಿಗೆ ಕಲಿಯೋದು ನಿಲ್ಸಿಬಿಡ್ತಾರೆ. ಅಪಾಯ ಇಲ್ಲದ ಕಡೆ ತಪ್ಪಾಗೋಕೆ ಬಿಟ್ಟು, ಅಪಾಯ ಬರೋ ಒಂದು ಕ್ಷಣ ಮುಂಚೆ ಕೈ ಹಾಕೋದೇ ಈ ಕೆಲಸದ ವಿದ್ಯೆ. ಹಾಗಾಗಿ ಓಡಿಸೋರಿಗೆ ಸರ್ಟಿಫಿಕೇಟ್ ಕೊಡೋ ಮುಂಚೆ ಕಲಿಸೋರಿಗೆ ಪರೀಕ್ಷೆ ಗಟ್ಟಿ ಇರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ತೆರೆನೊರೆ

ಇದು ಸರಿಯಾದ ಮಾತು ಮೇಡಂ. ಕಲಿಸ್ತಾ ಗುರುತು ಹಾಕೋದು, ಕಲಿಸೋರು ಗಟ್ಟಿ ಇರೋದು, ನ್ಯೂ ಸೌತ್ ವೇಲ್ಸ್ ತರ ಅನುಭವಸ್ಥರ ಜೊತೆ ಲಾಗ್‌ಬುಕ್ ತುಂಬಿಸೋ ದಾರಿನೂ ತೆರೆದಿರೋದು, ಇಷ್ಟಿದ್ರೆ ನನ್ನ ವಿರೋಧ ಇಲ್ಲ. ಹಳಬರಿಗೆ ಮಾತ್ರ ಕ್ಲಾಸಲ್ಲಿ ಕೂತ್ಕೊಳ್ಳಿ ಅನ್ಬೇಡಿ, ಸೀದಾ ಬಂದು ಮಾಡಿ ತೋರಿಸೋ ಅವಕಾಶ ಕೊಡಿ.

ನೀರ್ದಾರಿ

ಖಂಡಿತ. ಬರೋರು ಬಂದು ತೋರಿಸ್ಲಿ. ಹಳಬರಲ್ಲಿ ತುಂಬಾ ಜನ ಜೆಟ್ಟಿಗೆ ನನಗಿಂತ ಚೆನ್ನಾಗಿ ತರ್ತಾರೆ. ಆದ್ರೆ ಅವರಲ್ಲೂ ಜಾಕೆಟ್ ಹಾಕದೇ, ಕಿಲ್ ಕಾರ್ಡ್ ಸ್ಟೀರಿಂಗಿಗೆ ಸುತ್ತಿ ಬಿಟ್ಟಿರೋರನ್ನ ದಿನಾ ನೋಡ್ತೀನಿ, ಮಾಡಿ ತೋರಿಸೋ ಪರೀಕ್ಷೆಯಲ್ಲಿ ಅದೂ ಲೆಕ್ಕಕ್ಕೆ ಬರತ್ತೆ.

ಹೊಸಹುಟ್ಟು

ತುಂಬಾ ಥ್ಯಾಂಕ್ಸ್ ಎಲ್ಲರಿಗೂ, ಇಷ್ಟು ಯಾರೂ ಬಿಡಿಸಿ ಹೇಳಿರ್ಲಿಲ್ಲ. ಕೊನೆ ಪ್ರಶ್ನೆ, ಕೋರ್ಸ್ ಸೇರೋ ಮುಂಚೆ ಅವರನ್ನ ಏನು ಕೇಳ್ಲಿ? ಆನ್‌ಲೈನ್ ಕೋರ್ಸ್ ಮೊದ್ಲು ಮಾಡ್ಲಾ, ಇಲ್ಲಾ ಸೀದಾ ನೀರಿಗೇ ಬರ್ಲಾ?

ಅಂಬಿಗ್ತಿ

ಆನ್‌ಲೈನ್ ಮೊದ್ಲು ಮಾಡ್ಕೊಂಡು ಹೋಗಿ. ನಿಯಮ, ದೀಪ, ನೀರಲ್ಲಿ ದಾರಿ ತೋರಿಸೋ ತೇಲುಗುರುತು (buoy) ಇದೆಲ್ಲ ಮನೇಲೇ ಓದಿದ್ರೆ ನೀರಿನ ಮೇಲಿನ ಟೈಮ್ ಪೂರ್ತಿ ಓಡಿಸೋಕೆ ಸಿಗತ್ತೆ. ಕೇಳ್ಬೇಕಾದ್ದು, ಒಂದು ಬೋಟಲ್ಲಿ ಎಷ್ಟು ಜನ ಕಲಿಯೋರು, ನನ್ನ ಕೈಗೆ ಸ್ಟೀರಿಂಗ್ ಒಟ್ಟು ಎಷ್ಟು ಹೊತ್ತು ಸಿಗತ್ತೆ, ನೀರಿಗೆ ಬಿದ್ದೋರನ್ನ ಎತ್ತೋದು ಮಾಡಿಸ್ತೀರಾ ಇಲ್ಲಾ ಬರೀ ಮಾಡಿ ತೋರಿಸ್ತೀರಾ, ನಾನು ಆಮೇಲೆ ಓಡಿಸೋ ತರದ ಬೋಟಲ್ಲೇ ಕಲಿಸ್ತೀರಾ. ಮನೆಯೋರು ಒಬ್ಬರು ಜೊತೆ ಬರಬಹುದಾ ಅಂತಾನೂ ಕೇಳಿ, ದಯವಿಟ್ಟು.

ನೀರ್ದಾರಿ

ಜೊತೆಗೆ ಇದೊಂದು ಕೇಳಿ. ಗಾಳಿ ಇದ್ದ ದಿನ ಕ್ಲಾಸ್ ಕ್ಯಾನ್ಸಲ್ ಮಾಡ್ತೀರಾ ಅಂತ. ಜೋರು ಗಾಳಿ, ಗುಡುಗು ಸಿಡಿಲು ಇದ್ರೆ ಮಾಡ್ಲೇಬೇಕು, ಅದು ಸರಿ. ಆದ್ರೆ ಸ್ವಲ್ಪ ಗಾಳಿಗೂ ಬೇಡ ಅನ್ನೋರ ಹತ್ರ ನೀವು ಗಾಳಿ ಇಲ್ಲದ ಜೆಟ್ಟಿಗೆ ಬೋಟ್ ತರೋದನ್ನ ಮಾತ್ರ ಕಲೀತೀರಿ. ಹೋಗ್ಬಂದ್ಮೇಲೆ ಏನೇನ್ ಮಾಡಿಸಿದ್ರು ಅಂತ ಇಲ್ಲೇ ಬರೀರಿ, ಬಿಟ್ಟುಹೋಗಿದ್ದು ಏನಾದ್ರೂ ಇದ್ರೆ ನಾವು ಹೇಳ್ತೀವಿ.